ಲೆಕ್ಕಕ್ಕೆ ಬಾರದ ಹೊತ್ತು

ಕಳೆದ ಸುಗ್ಗಿಯಲ್ಲಿ ಯಲ್ಲಾಪುರ ತಾಲೂಕಿನ ಉಮ್ಮಚಗಿಯ ಕಡೆ ಗೆಳೆಯರೊಬ್ಬರ ಮನೆಯಲ್ಲಿ ಎರಡು ರಾತ್ರಿ ಉಳಿದಿದ್ದೆ. ಅಂಗಳದ ಚಪ್ಪರದ ಕೆಳಗೆ ಹತ್ತು ಹನ್ನೆರಡು ಮಂದಿ, ಹೆಚ್ಚಿನವರು ಹೆಂಗಸರು, ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿಯುತ್ತಿದ್ದರು. ಕೊನೆ ಇಳಿಸಿದ ಮೇಲೆ ಅಡಿಕೆಯನ್ನು ಹೆಚ್ಚು ದಿನ ಹಾಗೆಯೇ ಇಡಲು ಬರುವುದಿಲ್ಲ. ಸುಲಿದು, ಬೇಯಿಸಿ, ಒಣಗಿಸಿದರೆ ಮಾತ್ರ ಅದು ರಾಶಿ ಅಡಿಕೆ. ಹಾಗಾಗಿ ಸುಗ್ಗಿಯ ದಿನಗಳಲ್ಲಿ ಈ ಸೀಮೆಯ ಮನೆಗಳಿಗೆ ರಾತ್ರಿಯೂ ಹಗಲೇ.

ಅದೇ ಹೊತ್ತಿನಲ್ಲಿ ಜಗಲಿಯ ಪಕ್ಕದ ಕೋಣೆಯಲ್ಲಿ ಮನೆಯ ಮಗ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ. ಬೆಂಗಳೂರಿನ ಕಂಪನಿಯೊಂದರಲ್ಲಿ ಅವನಿಗೆ ಕೆಲಸ. ಸುಗ್ಗಿಗೆಂದು ಎರಡು ವಾರ ಊರಿನಿಂದಲೇ ಕೆಲಸ ಮಾಡಲು ಒಪ್ಪಿಗೆ ಪಡೆದು ಬಂದಿದ್ದ. ತಾಯಿ ಎರಡು ಸಲ ಬಾಗಿಲಿಗೆ ಬಂದು "ತಮಾ, ಉಂಡ್ಕಂಡು ಕೂತ್ಕ" ಎಂದರು. ಅವನು ಕಿವಿಗೆ ಸಿಕ್ಕಿಸಿಕೊಂಡಿದ್ದ ವಯರನ್ನು ತೋರಿಸಿ ಕೈಸನ್ನೆ ಮಾಡಿದ. ಆಕೆ ಗಂಡನ ಕಡೆ ತಿರುಗಿ "ಅವಂಗೆ ಈಗ ಬೆಳಗಾತು, ಯಂಗಕ್ಕಿಗೆ ರಾತ್ರಿ ಆತು" ಎಂದು ಒಳಗೆ ಹೋದರು.

ಹನ್ನೊಂದರ ಸುಮಾರಿಗೆ ಸುಲಿಯುವವರು ಎದ್ದರು. ಗೆಳೆಯರು ಉದ್ದನೆಯ ಪಟ್ಟಿ ಪುಸ್ತಕ ತೆಗೆದು ಒಬ್ಬೊಬ್ಬರ ಹೆಸರಿನ ಮುಂದೆ ಎಷ್ಟು ಡಬ್ಬ ಎಂದು ಬರೆದುಕೊಂಡರು. ಅರ್ಧ ಡಬ್ಬದ ಮೇಲೆ ಒಬ್ಬಾಕೆ ತಕರಾರು ತೆಗೆದಳು, ಮತ್ತೆ ಅಳೆದು ತಿದ್ದಿದರು. ಒಂದೂವರೆಗೆ ನನಗೆ ಎಚ್ಚರವಾದಾಗ ಕೋಣೆಯ ದೀಪ ಇನ್ನೂ ಉರಿಯುತ್ತಿತ್ತು. ಬೆಳಿಗ್ಗೆ ಹುಡುಗನನ್ನು, ದಿನಕ್ಕೆ ಎಷ್ಟು ಗಂಟೆ ಕೆಲಸ ಆಗುತ್ತದೆ ಎಂದು ಕೇಳಿದೆ. ಅವನು ನಕ್ಕು, "ಅದೆಲ್ಲ ಲೆಕ್ಕ ಇಡೋದಿಲ್ಲ ಸರ್, ನಾವು ಸಂಬಳದವರಲ್ವಾ?" ಎಂದ.

ಈ ಮಾತು ನನ್ನನ್ನು ಹಲವು ದಿನ ಬಿಡಲಿಲ್ಲ. ಅಡಿಕೆ ಸುಲಿಯುವ ಕೂಲಿ ಹೆಚ್ಚೇನೂ ಅಲ್ಲ. ಆ ಹೆಂಗಸರ ರಾತ್ರಿಗಳ ಬಗ್ಗೆ ನಾನು ರಮ್ಯವಾಗಿ ಬರೆಯಲಾರೆ. ಬೆರಳು ಕೊಯ್ದುಕೊಂಡು, ಬೆನ್ನು ಬಗ್ಗಿಸಿ, ಮನೆಗೆ ಹೋಗಿ ಮತ್ತೆ ಒಲೆಯ ಮುಂದೆ ನಿಲ್ಲುವವರು ಅವರು. ಆದರೂ ಆ ಅಂಗಳದಲ್ಲಿ ಮಾಡಿದ ಕೆಲಸಕ್ಕೆ ಅಳತೆ ಇತ್ತು, ಅಳತೆಯ ಮೇಲೆ ಜಗಳಕ್ಕೂ ಅವಕಾಶವಿತ್ತು. ಕೋಣೆಯೊಳಗಿನ ಕೆಲಸಕ್ಕೆ ಎರಡೂ ಇರಲಿಲ್ಲ. ನಾನು ಮುಖ್ಯವಾಗಿ ಕಥೆ ಕಾದಂಬರಿಗಳ ಓದುಗ. ಹಾಗಾಗಿ ಸಂಬಳದವರ ಈ ಲೆಕ್ಕಕ್ಕೆ ಬಾರದ ಹೊತ್ತು ನಮ್ಮ ಕನ್ನಡದ ಬರವಣಿಗೆಯಲ್ಲಿ ಎಲ್ಲಾದರೂ ಲೆಕ್ಕಕ್ಕೆ ಸಿಕ್ಕಿದೆಯೇ ಎಂದು ಹುಡುಕಲು ಹೊರಟೆ.

ಉತ್ತರ ಕನ್ನಡದವರು ಇದಕ್ಕೆ ದೂರ ಹೋಗಬೇಕಾಗಿಲ್ಲ. ಯಲ್ಲಾಪುರದಿಂದ ಅರಬೈಲು ಘಟ್ಟ ಇಳಿದರೆ ಅಂಕೋಲೆ, ಅದರ ಆಚೆ ಹನೇಹಳ್ಳಿ. ಕನ್ನಡದಲ್ಲಿ ಕಂಪನಿಯ ನೌಕರಿಯನ್ನು ಒಳಗಿನಿಂದ ಬಲ್ಲ ಇಬ್ಬರು ದೊಡ್ಡ ಲೇಖಕರು ಈ ಕರಾವಳಿಯವರು. ಹನೇಹಳ್ಳಿಯ ಯಶವಂತ ಚಿತ್ತಾಲರು (1928–2014) ಪಾಲಿಮರ್ ವಿಜ್ಞಾನಿಯಾಗಿ ಮುಂಬಯಿಯ ಕಂಪನಿಯಲ್ಲಿ ದುಡಿದವರು. ಅವರ 'ಶಿಕಾರಿ' 1979ರಲ್ಲಿ ಬಂತು. ಅಂಕೋಲೆಯ ವಿವೇಕ ಶಾನಭಾಗರ 'ಘಾಚರ್ ಘೋಚರ್' ಬಂದದ್ದು 2013ರಲ್ಲಿ. ಎರಡನ್ನೂ ಈ ಪ್ರಶ್ನೆ ಇಟ್ಟುಕೊಂಡು ಮತ್ತೆ ಓದಿದೆ.

'ಶಿಕಾರಿ'ಯ ನಾಗಪ್ಪ ಮುಂಬಯಿಯ ರಾಸಾಯನಿಕ ಕಂಪನಿಯೊಂದರ ಅಧಿಕಾರಿ. ವಿಚಾರಣೆಯ ನೆಪದಲ್ಲಿ ಕಂಪನಿ ಅವನನ್ನು ಕೆಲಸದಿಂದ ದೂರ ಇಡುತ್ತದೆ. ಅಲ್ಲಿಂದ ಮುಂದೆ ಭಯ, ಸಂಶಯ, ಒಳಸಂಚು, ಹಳೆಯ ನೆನಪುಗಳು. ನಮ್ಮ ವಿಮರ್ಶೆ ಈ ಕೃತಿಯನ್ನು ಮನುಷ್ಯ ಮನುಷ್ಯನನ್ನೇ ಬೇಟೆಯಾಡುವ ಕಥೆ ಎಂದು, ಅಸ್ತಿತ್ವದ ಶೋಧ ಎಂದು ಬಹಳ ಚೆನ್ನಾಗಿ ಓದಿದೆ. ಅದು ತಪ್ಪಲ್ಲ. ಆದರೆ ಯಾರೂ ಅಷ್ಟಾಗಿ ಗಮನಿಸದ ಒಂದು ಸರಳ ಸಂಗತಿ ಇದೆ. ಕಾದಂಬರಿಯ ಬಹುಪಾಲು ನಡೆಯುವುದು ನಾಗಪ್ಪನಿಗೆ ಕೆಲಸ ಇಲ್ಲದ ದಿನಗಳಲ್ಲಿ. ಕೆಲಸ ನಿಂತ ಮೇಲೆಯೇ ಅವನಿಗೆ ತನ್ನ ಬಾಲ್ಯ, ತನ್ನ ಊರು, ತನ್ನ ಶತ್ರುಗಳು, ತಾನು ಬರೆಯಬೇಕಾದ ಪುಸ್ತಕ ಎಲ್ಲವೂ ನೆನಪಾಗುವುದು. ಕಂಪನಿಯ ಕೆಲಸ ಎಂದಿನಂತೆ ನಡೆಯುತ್ತಿದ್ದರೆ ಈ ಕಾದಂಬರಿಗೆ ಹೊತ್ತೇ ಸಿಗುತ್ತಿರಲಿಲ್ಲ! ಚಿತ್ತಾಲರು ಇದನ್ನು ಉದ್ದೇಶಿಸಿ ಮಾಡಿದರೋ ಇಲ್ಲವೋ, ನೌಕರಿಯ ವರ್ಷಗಳು ಆ ಮನುಷ್ಯನಿಂದ ಏನನ್ನು ಕಸಿದುಕೊಂಡಿದ್ದವು ಎಂಬುದು ಬಲವಂತದ ಬಿಡುವಿನಲ್ಲಿ ಬಯಲಾಗುತ್ತದೆ.

ಹಾಗಿದ್ದೂ 'ಶಿಕಾರಿ'ಯಲ್ಲಿ ಕಂಪನಿ ಎಂದರೆ ಮುಖ್ಯವಾಗಿ ಸಂಚಿನ ಜಾಗ. ಅಲ್ಲಿ ಕೆಡುಕಿಗೆ ಮುಖಗಳಿವೆ, ಹೆಸರುಗಳಿವೆ. ಉಮ್ಮಚಗಿಯ ಹುಡುಗನ ವಿರುದ್ಧ ಯಾರೂ ಸಂಚು ಮಾಡಿಲ್ಲ. ಅವನ ಮೇಲಿನವನೂ ಅದೇ ಹೊತ್ತಿನಲ್ಲಿ ಇನ್ನೊಂದು ಕೋಣೆಯಲ್ಲಿ ಎಚ್ಚರವಾಗಿ ಕೂತಿರುತ್ತಾನೆ. ಬೇಟೆಗಾರ ಕಾಣಿಸದ ಈ ಸ್ಥಿತಿಯನ್ನು ಹಿಡಿಯಲು ಚಿತ್ತಾಲರ ರೂಪಕ ಸಾಕಾಗುವುದಿಲ್ಲ ಎಂದು ನನಗೆ ಅನ್ನಿಸುತ್ತದೆ.

'ಘಾಚರ್ ಘೋಚರ್' ಈ ವಿಷಯದಲ್ಲಿ ಇನ್ನಷ್ಟು ಹತ್ತಿರ ಬರುತ್ತದೆ. ಇದನ್ನು ಎಲ್ಲರೂ ದಿಢೀರ್ ಹಣ ಒಂದು ಕುಟುಂಬವನ್ನು ಕೆಡಿಸಿದ ಕಥೆಯಾಗಿ ಓದುತ್ತಾರೆ. ಆದರೆ ಹಣ ಬರುವುದಕ್ಕೆ ಮುಂಚಿನ ಪುಟಗಳನ್ನು ನೋಡಿ. ಅಪ್ಪ ಚಹಾಪುಡಿ ಮಾರುವ ಕಂಪನಿಯ ಸೇಲ್ಸ್‌ಮನ್. ದಿನವಿಡೀ ಅಂಗಡಿ ಅಂಗಡಿ ಸುತ್ತಿ ಬಂದು ರಾತ್ರಿ ಮನೆಯಲ್ಲಿ ಕೂತು ಲೆಕ್ಕ ಹೊಂದಿಸುತ್ತಾನೆ. ಒಮ್ಮೆ ಲೆಕ್ಕ ತಾಳೆಯಾಗದೆ ಇಡೀ ಮನೆ ಕಂಗಾಲಾಗುತ್ತದೆ. ಕಂಪನಿ ಒಬ್ಬನಿಗೆ ಸಂಬಳ ಕೊಡುತ್ತಿದೆ, ಅದರ ಲೆಕ್ಕದ ಆತಂಕವನ್ನು ಮಾತ್ರ ಮನೆಮಂದಿಯೆಲ್ಲ ಸೇರಿ ಹೊರುತ್ತಾರೆ. ಕನ್ನಡದಲ್ಲಿ ಸಂಬಳವಿಲ್ಲದ ಓವರ್‌ಟೈಮಿನ ಇಷ್ಟು ನಿಖರವಾದ ಚಿತ್ರ ಇನ್ನೊಂದನ್ನು ನಾನು ಓದಿಲ್ಲ. ಕುಟುಂಬದ ಒಗ್ಗಟ್ಟಿನ ದಿನಗಳು ಎಂಬ ಪ್ರೀತಿಯ ನೆನಪಿನ ಒಳಗೆ ಅದು ಅಡಗಿ ಕೂತಿರುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅದೇ ಕಂಪನಿ ಕೊನೆಗೆ ಅಪ್ಪನನ್ನು ಅವಧಿಗೆ ಮೊದಲೇ ನಿವೃತ್ತನನ್ನಾಗಿಸುತ್ತದೆ.

ಮುಂದೆ ಚಿಕ್ಕಪ್ಪನ ಮಸಾಲೆ ವ್ಯಾಪಾರ ಬೆಳೆದ ಮೇಲೆ ಮಗನಿಗೆ ಅಲ್ಲೊಂದು ಹುದ್ದೆ ಸಿಗುತ್ತದೆ. ಅವನು ಮಾಡುವ ಕೆಲಸ ಏನೂ ಇಲ್ಲ, ಸಂಬಳ ಮಾತ್ರ ತಪ್ಪದೆ ಬರುತ್ತದೆ. ಅವನು ಕಾಫಿ ಹೌಸಿನಲ್ಲಿ ಕೂತಿರುತ್ತಾನೆ. ತಂದೆಗೆ ಸಂಬಳವಿಲ್ಲದ ಕೆಲಸ, ಮಗನಿಗೆ ಕೆಲಸವಿಲ್ಲದ ಸಂಬಳ. ಹೆಂಡತಿ ಅನಿತಾ ಈ ಸಂಬಳದ ಬಗ್ಗೆ ಕೇಳುವ ಪ್ರಶ್ನೆಯನ್ನು ಆ ಮನೆ ಸಹಿಸಲಾರದೆ ಹೋಗುತ್ತದೆ. ಶಾನಭಾಗರು ಒಂದೇ ಸಣ್ಣ ಪುಸ್ತಕದಲ್ಲಿ ದುಡಿಮೆಯ ಹೊತ್ತಿಗೂ ಹಣಕ್ಕೂ ಇರುವ ನಂಟು ಕಡಿದುಹೋದದ್ದನ್ನು ಎರಡೂ ತುದಿಯಿಂದ ತೋರಿಸಿದ್ದಾರೆ. ನಾವು ಮೇಲಿನ ತುದಿಯನ್ನಷ್ಟೇ ಚರ್ಚಿಸಿದೆವು.

ಇದು ವಿಮರ್ಶೆಯ ಕೊರತೆ ಎಂದು ನಾನು ತಿಳಿಯುತ್ತೇನೆ. ನವ್ಯರು ಆಫೀಸಿನ ಮನುಷ್ಯನ ಅನಾಥಪ್ರಜ್ಞೆಯನ್ನು ಕಂಡರು, ಅವನ ಹಾಜರಿ ಪುಸ್ತಕವನ್ನು ಕಾಣಲಿಲ್ಲ. ದಲಿತ ಬಂಡಾಯದವರು ಜೀತದಾಳಿನ, ಕೂಲಿಯವನ ದುಡಿಮೆಯನ್ನು ಲೆಕ್ಕ ಹಾಕಿದರು. ಅದು ಆಗಲೇಬೇಕಾಗಿದ್ದ ಲೆಕ್ಕ. ತಿಂಗಳ ಸಂಬಳದವನು ಅವರ ಕಣ್ಣಿಗೆ ಸುಖಿಯಾಗಿಯೇ ಕಂಡ, ಬಹುಮಟ್ಟಿಗೆ ಆಗ ಅವನು ಸುಖಿಯೂ ಆಗಿದ್ದ. ವಸುಧೇಂದ್ರರಂಥ ಲೇಖಕರು ಸಾಫ್ಟ್‌ವೇರ್ ಜಗತ್ತನ್ನು ಕನ್ನಡಕ್ಕೆ ತಂದಾಗಲೂ ನಾವು ಹೊಸ ಹಣ, ಹಳೆಯ ಅಪ್ಪ ಅಮ್ಮ, ಬದಲಾದ ಸಂಬಂಧ ಎಂದೇ ಮಾತಾಡಿದೆವು. ಗಡಿಯಾರದ ಮಾತು ಬರಲೇ ಇಲ್ಲ.

ಗಡಿಯಾರದ ಮಾತನ್ನು ಕೊನೆಗೆ ಎತ್ತಿದವರು ಮಾಲೀಕರು. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸ್ಥಾಪಕ ಎನ್.ಆರ್. ನಾರಾಯಣಮೂರ್ತಿಯವರು ದೇಶದ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. ಎಲ್ ಅಂಡ್ ಟಿ ಮುಖ್ಯಸ್ಥ ಎಸ್.ಎನ್. ಸುಬ್ರಹ್ಮಣ್ಯನ್ ಅವರು 90 ಗಂಟೆಯ ಮಾತಾಡಿ, ಭಾನುವಾರ ಮನೆಯಲ್ಲಿ ಕೂತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂಬ ಅರ್ಥದಲ್ಲಿ ಕೇಳಿದ್ದು 2025ರ ಜನವರಿಯಲ್ಲಿ ದೊಡ್ಡ ಸುದ್ದಿಯಾಯಿತು. ಎಪ್ಪತ್ತು ಗಂಟೆಯನ್ನು ಆರು ದಿನಕ್ಕೆ ಹಂಚಿದರೆ ದಿನಕ್ಕೆ 11 ಗಂಟೆ 40 ನಿಮಿಷ. ತೊಂಬತ್ತನ್ನು ಏಳು ದಿನಕ್ಕೆ ಹಂಚಿದರೂ ದಿನಕ್ಕೆ ಹದಿಮೂರರ ಹತ್ತಿರ. ಜನ ನಕ್ಕರು, ವ್ಯಂಗ್ಯಚಿತ್ರ ಬರೆದರು. ಮುಖ ನೋಡುವ ಮಾತು ನಗೆಗೆ ಒಳ್ಳೆಯ ವಸ್ತು. ಆದರೆ ತೊಂಬತ್ತು ಗಂಟೆ ದುಡಿದು ಬಂದವನ ಬಟ್ಟೆ ಯಾರು ಒಗೆಯಬೇಕು, ಅನ್ನ ಯಾರು ಬಡಿಸಬೇಕು, ಅವನ ಮಗುವನ್ನು ಯಾರು ಮಲಗಿಸಬೇಕು ಎಂಬುದನ್ನು ಆ ಲೆಕ್ಕದಲ್ಲಿ ಯಾರೂ ಸೇರಿಸಿರಲಿಲ್ಲ. ಹೆಂಡತಿಯೂ ನೌಕರಿಯಲ್ಲಿದ್ದರೆ ಆಕೆಯ ತೊಂಬತ್ತು ಗಂಟೆ ಯಾವ ವಾರದಿಂದ ಬರಬೇಕೋ!

ಈ ಮಾತುಗಳೆಲ್ಲ ದೇಶಭಕ್ತಿಯ ಧಾಟಿಯಲ್ಲಿ ಬರುತ್ತವೆ. ಹಾಗಾಗಿ ದೇಶದ ಚರಿತ್ರೆಯನ್ನೇ ಸ್ವಲ್ಪ ನೋಡುವುದು ಒಳ್ಳೆಯದು. 1919ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊಟ್ಟಮೊದಲ ಒಪ್ಪಂದ ದಿನಕ್ಕೆ 8, ವಾರಕ್ಕೆ 48 ಗಂಟೆ ಎಂದು ಗೊತ್ತುಮಾಡಿತು. ಆದರೆ ಬ್ರಿಟಿಷ್ ಇಂಡಿಯಾಕ್ಕೆ ಅದರಲ್ಲೊಂದು ಪ್ರತ್ಯೇಕ ವಿಧಿ ಇಟ್ಟು, ಇಲ್ಲಿಯವರಿಗೆ ವಾರಕ್ಕೆ 60 ಗಂಟೆ ಎಂದರು. ಗುಲಾಮ ದೇಶದವರ ಮೈ ಬೇರೆ ಎಂದು ತಿಳಿದಿದ್ದರೋ ಏನೋ. 1934ರ ಫ್ಯಾಕ್ಟರಿ ಕಾಯ್ದೆಯಲ್ಲಿ ಅದು 54ಕ್ಕೆ ಇಳಿಯಿತು. ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದ ಡಾ. ಬಿ.ಆರ್. ಅಂಬೇಡ್ಕರ್ ಅವರ ಕಾಲದಲ್ಲಿ, 1946ರ ತಿದ್ದುಪಡಿಯಿಂದ 48ಕ್ಕೆ ಬಂತು. ಅಂದರೆ ನಮ್ಮ ಹುಡುಗರನ್ನು ಈಗ ಕೇಳುತ್ತಿರುವ 70 ಗಂಟೆ, ಪರಕೀಯ ಸರ್ಕಾರ ನೂರು ವರ್ಷದ ಹಿಂದೆ ಕಾರ್ಖಾನೆಯವರಿಗೆ ಒಪ್ಪಿಕೊಂಡಿದ್ದಕ್ಕಿಂತ ಹತ್ತು ಗಂಟೆ ಹೆಚ್ಚು.

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ದಿನಕ್ಕೆ 9 ಗಂಟೆ, ವಾರಕ್ಕೆ 48. ಓವರ್‌ಟೈಮ್ ಸೇರಿದರೂ ದಿನಕ್ಕೆ 10 ದಾಟಬಾರದು, ಮೂರು ತಿಂಗಳಲ್ಲಿ ಓವರ್‌ಟೈಮ್ 50 ಗಂಟೆ ಮೀರಬಾರದು, ಆ ಹೊತ್ತಿಗೆ ಎರಡರಷ್ಟು ಸಂಬಳ ಕೊಡಬೇಕು ಎಂದು ಅದರಲ್ಲಿದೆ. ಓದಿದರೆ ಉಮ್ಮಚಗಿಯ ಹುಡುಗನಿಗೆ ಆಶ್ಚರ್ಯವಾದೀತು. ಆದರೆ ಆಡಳಿತದ ಹುದ್ದೆಯಲ್ಲಿರುವವರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಒಂದೇ ಮಹಡಿಯಲ್ಲಿ ಅಷ್ಟೊಂದು ಮಂದಿ ಮ್ಯಾನೇಜರುಗಳು ಏಕಿರುತ್ತಾರೆ ಎಂದು ಕೆಲವೊಮ್ಮೆ ಅನ್ನಿಸುವುದುಂಟು. ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಕೊಟ್ಟಿದ್ದ ವಿನಾಯಿತಿಯನ್ನು ರಾಜ್ಯ ಸರ್ಕಾರ 2024ರಲ್ಲಿ ಮತ್ತೆ ಐದು ವರ್ಷ ಮುಂದುವರಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಯಲ್ಲಿ, ಓವರ್‌ಟೈಮ್ ಮಾಡಿಸಲು ದುಡಿಯುವವನ ಒಪ್ಪಿಗೆ ಬೇಕು ಎಂಬ ಮಾತೇನೋ ಇದೆ. 'ದುಡಿಯುವವ' ಎಂಬುದರ ವ್ಯಾಖ್ಯೆಯಿಂದ ಆಡಳಿತದವರನ್ನೂ, ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವ ಮೇಲ್ವಿಚಾರಕರನ್ನೂ ಹೊರಗಿಟ್ಟಿದ್ದಾರೆ.

ಈ ನಡುವೆ ನಡೆದ ಒಂದು ಸಂಗತಿ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. 2023ರ ಫೆಬ್ರವರಿಯಲ್ಲಿ ಕರ್ನಾಟಕ ವಿಧಾನಸಭೆ ಫ್ಯಾಕ್ಟರಿ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೂ ದುಡಿಸಬಹುದು ಎಂದಿತು. ಮೂರು ತಿಂಗಳ ಓವರ್‌ಟೈಮಿನ ಮಿತಿ 75ರಿಂದ 145 ಗಂಟೆಗೆ ಏರಿತು. ಕಾರ್ಮಿಕ ಸಂಘಟನೆಗಳು ಕೂಗಿದವು, ಆಫೀಸಿನ ನೌಕರರು ತಿರುಗಿ ನೋಡಲಿಲ್ಲ. ಅದು ಮೊಬೈಲ್ ಜೋಡಿಸುವ ಹುಡುಗಿಯರ ವಿಷಯ ಎಂದುಕೊಂಡರು. ಒಂದೂವರೆ ವರ್ಷ ಕಳೆಯುವುದರೊಳಗೆ, 2024ರ ಜುಲೈನಲ್ಲಿ, ಐಟಿ ನೌಕರರಿಂದ ದಿನಕ್ಕೆ 12 ಗಂಟೆಗಿಂತಲೂ ಹೆಚ್ಚು ದುಡಿಸಲು ಅವಕಾಶ ಕೊಡುವ ಪ್ರಸ್ತಾವ ಸರ್ಕಾರದ ಮೇಜಿನ ಮೇಲಿತ್ತು. 2025ರ ಜೂನ್‌ನಲ್ಲಿ ಇನ್ನೊಂದು ಪ್ರಸ್ತಾವ: ದಿನಕ್ಕೆ 10 ಗಂಟೆ, ಓವರ್‌ಟೈಮ್ ಸೇರಿ 12, ಮೂರು ತಿಂಗಳಿಗೆ 50ರ ಬದಲು 144 ಗಂಟೆ. ಐಟಿ ನೌಕರರ ಸಂಘ ಎರಡು ಸಲವೂ ಎದುರು ನಿಂತಿತು. ಬೇರೆಯವರ ಮನೆಯದೆಂದು ತಿಳಿದಿದ್ದ ಬೆಂಕಿಯ ಹೊಗೆ ತಮ್ಮ ಮಾಡಿಗೂ ಬಂದಿದೆ ಎಂದು ತಿಳಿಯಲು ಅಷ್ಟು ಹೊತ್ತು ಬೇಕಾಯಿತು.

ಬೆಂಗಳೂರಿನಲ್ಲಷ್ಟೇ ಏಕೆ, ಉಮ್ಮಚಗಿಯಂಥ ಊರುಗಳಲ್ಲೂ ಸಂಬಳದವರಿದ್ದಾರೆ. ಕತ್ತಲಾದ ಮೇಲೆ ಹಳ್ಳಿಗೆ ಬಂದು ಅಲ್ಲೇ ತಂಗಿ ಬೆಳಿಗ್ಗೆ ಬೇಗ ಹೊರಡುವ ವಸತಿ ಬಸ್ಸಿನ ಡ್ರೈವರ್, ಕಂಡಕ್ಟರ್ ಇದ್ದಾರೆ. ಬಸ್ಸಿನ ಸೀಟಿನ ಮೇಲೆ ಕಳೆದ ರಾತ್ರಿ ಕೆಲಸವೋ ವಿಶ್ರಾಂತಿಯೋ? ಸಾರಿಗೆ ನೌಕರರು 2021ರ ಏಪ್ರಿಲ್‌ನಲ್ಲಿ ಸುಮಾರು ಎರಡು ವಾರ ಬಸ್ಸು ನಿಲ್ಲಿಸಿದಾಗ ನಮ್ಮ ಪೇಟೆಗಳಲ್ಲಿ ಕೇಳಿಬಂದ ಮಾತು, ಇವರಿಗೆ ಸೇವಾ ಮನೋಭಾವವೇ ಇಲ್ಲ ಎಂದು. ಹಾಗೆ ಹೇಳಿದವರಲ್ಲಿ ನಾನೂ ಒಬ್ಬ. ಯಲ್ಲಾಪುರದ ಬಸ್ ನಿಲ್ದಾಣದಲ್ಲಿ ಚೀಲ ಹಿಡಿದು ನಿಂತವನಿಗೆ ಬೇರೇನೂ ತೋಚಿರಲಿಲ್ಲ.

ಸೇವೆ ಎಂಬ ಮಾತಿಗಿಂತಲೂ ಈಚೆಗೆ ಕಾಯಕ ಎಂಬ ಮಾತು ಹೆಚ್ಚು ದುಡಿಯುತ್ತಿದೆ. ಸರ್ಕಾರದ ಕೆಲಸ ದೇವರ ಕೆಲಸ ಎಂದು ವಿಧಾನಸೌಧದ ಮೇಲೆ ಬರೆಸಿದ್ದಾಯಿತು. ಕಾಯಕವನ್ನು ಕೈಲಾಸಕ್ಕೆ ಸಮಮಾಡಿದ ಶರಣರ ಮಾತನ್ನು ಕಂಪನಿಗಳ ಗೋಡೆಗಳಲ್ಲೂ ಭಾಷಣಗಳಲ್ಲೂ ಕಾಣಬಹುದು. ಕೆಲಸವೇ ದೈವವಾದ ಮೇಲೆ ಗಂಟೆ ಎಣಿಸುವುದು ಪಾಪವಾಗುತ್ತದೆ, ಆರು ಗಂಟೆಗೆ ಎದ್ದವನು ಗುಡಿಯಿಂದ ನಡುವೆ ಎದ್ದುಹೋದವನಂತೆ ಕಾಣುತ್ತಾನೆ. ಆದರೆ ಆ ಮಾತು ಯಾರದು ಎಂದು ನೋಡಬೇಕು. ಅದು ಆಯ್ದಕ್ಕಿ ಮಾರಯ್ಯನ ವಚನದಲ್ಲಿದೆ. ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿಹೋದ ಅಕ್ಕಿಯನ್ನು ಆಯ್ದು ತರುವವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ಆಸೆ ಎಂದಳು, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಇಷ್ಟೇ ಕಥೆ. ಕಾಯಕದ ಮಾತನ್ನು ಗೋಡೆಗೆ ಹಾಕುವವರು ಈ ಕಥೆಯನ್ನೂ ಅದರ ಪಕ್ಕದಲ್ಲಿ ಹಾಕಬೇಕಿತ್ತು. ಹೆಚ್ಚು ದುಡಿ ಎಂದು ಒತ್ತಾಯಿಸಲು ಬಳಸುತ್ತಿರುವ ಮಾತು, ಇವತ್ತಿಗೆ ಇಷ್ಟು ಸಾಕು ಎಂದು ಗಂಡನನ್ನು ತಿರುಗಿ ಕಳಿಸಿದ ಹೆಣ್ಣಿನ ಮನೆಯಿಂದ ಬಂದದ್ದು. ಕಾಯಕ ಅವರು ತಾವೇ ಆರಿಸಿಕೊಂಡಿದ್ದು, ಅದರ ಫಲ ದಾಸೋಹಕ್ಕೆ. ಇಲ್ಲಿ ಕೆಲಸವನ್ನು ಆರಿಸುವವರು ಬೇರೆ, ಫಲ ಹೋಗುವ ಜಾಗ ಬೇರೆ.

ಪತ್ರಿಕೆಗಳ ಪುರವಣಿಗಳಲ್ಲಿ ಇದಕ್ಕೆಲ್ಲ ಪರಿಹಾರಗಳು ಬರುತ್ತಲೇ ಇರುತ್ತವೆ. ಬೆಳಿಗ್ಗೆ ಬೇಗ ಏಳಿ, ಕೆಲಸದ ಪಟ್ಟಿ ಮಾಡಿ, ಉಸಿರಾಟ ಅಭ್ಯಾಸ ಮಾಡಿ, ಇಲ್ಲ ಎನ್ನಲು ಕಲಿಯಿರಿ. ಇವುಗಳಲ್ಲಿ ಕೆಲವು ಉಪಯೋಗಕ್ಕೂ ಬರಬಹುದು. ನನ್ನ ಆಕ್ಷೇಪ ಒಂದೇ, ಹೊರೆ ಎಷ್ಟು ಭಾರ ಎಂದು ಕೇಳದೆ ಹೊರುವವನ ಬೆನ್ನು ಗಟ್ಟಿಮಾಡುವ ಮಾತನ್ನೇ ಅವು ಆಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು ಹೆಚ್ಚು. ದೀರ್ಘ ದುಡಿಮೆಯಿಂದ ಬಂದ ಪಾರ್ಶ್ವವಾಯು ಮತ್ತು ಹೃದ್ರೋಗದಿಂದ 2016ರೊಂದರಲ್ಲೇ ಜಗತ್ತಿನಲ್ಲಿ ಸುಮಾರು 7 ಲಕ್ಷ 45 ಸಾವಿರ ಜನ ಸತ್ತರು. ರಕ್ತನಾಳ ಇಷ್ಟು ಗಂಟೆಗೆ ಇಷ್ಟು ಎಂದು ತನ್ನ ಲೆಕ್ಕ ಇಡುತ್ತದೆ, ಪ್ರಾಣಾಯಾಮದ ಪುಟ ಓದಿ ಸುಮ್ಮನಾಗುವುದಿಲ್ಲ.

ಹೊರಡುವ ದಿನ ಬೆಳಿಗ್ಗೆ ಹುಡುಗನಿಗೆ ಅವರಪ್ಪನ ಪಟ್ಟಿ ಪುಸ್ತಕ ತೋರಿಸಿ, ನೀನೂ ಇಂಥದೊಂದು ಏಕೆ ಬರೆಯಬಾರದು ಎಂದೆ. ದುಡ್ಡು ಕೊಡುವವರಿಲ್ಲದ ಲೆಕ್ಕ ಬರೆದು ಏನು ಮಾಡುವುದು ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಅಪ್ಪ ಮಾತ್ರ ಅಡಿಕೆ ಆರಿಸುತ್ತಿದ್ದವರು ತಲೆಯೆತ್ತದೆ, "ಬರದು ಇಡು, ಅರ್ಧ ಡಬ್ಬದ ಜಗಳ ಆದ್ರೂ ಮಾಡ್ಲಕ್ಕು" ಎಂದರು.

ಮೊನ್ನೆ ಅವನ ಫೋನ್ ಬಂದಿತ್ತು. ಬರೆಯತೊಡಗಿದ್ದಾನಂತೆ, ಕೂತ ಹೊತ್ತು, ಎದ್ದ ಹೊತ್ತು, ಯಾರು ಹೇಳಿದರು ಎಂದು ಮೂರು ಅಂಕಣ. ಮೂರು ತಿಂಗಳಿಗೆಂದು ಕಾಯ್ದೆ ಹೇಳುವ ಐವತ್ತು ಗಂಟೆ ಐದನೆಯ ವಾರಕ್ಕೇ ಮುಗಿದಿದೆ. ಜೊತೆಯ ಮೂವರೂ ಬರೆಯುತ್ತಿದ್ದಾರೆ. ನಾಲ್ವರೂ ಸೇರಿ, ಶನಿವಾರದ ಕೆಲಸವಿದ್ದರೆ ದಯವಿಟ್ಟು ಬರಹದಲ್ಲಿ ತಿಳಿಸಬೇಕು ಎಂದು ಮೇಲಿನವರಿಗೆ ಮೇಲ್ ಕಳಿಸಿದರಂತೆ. ಅಂದಿನಿಂದ ಶನಿವಾರದ ಕೆಲಸದ ಮಾತು ಮೇಲ್‌ನಲ್ಲಿ ಬರುವುದು ನಿಂತಿದೆ, ಶುಕ್ರವಾರ ರಾತ್ರಿ ಫೋನಿನಲ್ಲಿ ಬರುತ್ತದೆ. ಅದು ಎಷ್ಟು ಗಂಟೆಗೆ ಬಂತು ಎಂಬುದನ್ನೂ ಮೂರನೆಯ ಅಂಕಣದಲ್ಲಿ ಬರೆದಿಡುತ್ತಿದ್ದೇನೆ ಎಂದ.